ಜನಾಂಗೀಯ ಶುದ್ಧೀಕರಣ, ಜನಾಂಗಹತ್ಯೆ: ತರಗತಿಯಲ್ಲಿ ಪಾಠ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಡುವವರಿಗಾಗಿ ಬರೆದದ್ದು. ಹಿಟ್ಲರ್ ಪಾಠ ಮುಗಿಯುತ್ತಿದ್ದಂತೆ ಯಾರಾದರೂ ಒಬ್ಬರು ಕೈ ಎತ್ತಿ, "ಸರ್, ಪೇಪರಿನಲ್ಲಿ ಜನಾಂಗೀಯ ಶುದ್ಧೀಕರಣ ಅಂತ ಬರುತ್ತಲ್ಲ, ಅದೂ ಇದೇನಾ?" ಎಂದು ಕೇಳುತ್ತಾರೆ. ಅಲ್ಲಿಂದ ಶುರುವಾಗುವ ಪ್ರಶ್ನೆಗಳು ಇವು. ಉದಾಹರಣೆಗೆ 1992ರಿಂದ 1995ರವರೆಗಿನ ಬೋಸ್ನಿಯಾ ಯುದ್ಧವನ್ನು ತೆಗೆದುಕೊಂಡಿದ್ದೇನೆ.

ಎರಡಕ್ಕೂ ಏನು ವ್ಯತ್ಯಾಸ? ಮಕ್ಕಳಿಗೆ ಅರ್ಥ ಆಗುವ ಹಾಗೆ ಹೇಳಿ.

ಜನಾಂಗೀಯ ಶುದ್ಧೀಕರಣ ಮಾಡುವವರ ಕಣ್ಣು ಜಾಗದ ಮೇಲೆ. ಈ ಊರಲ್ಲಿ, ಈ ಜಿಲ್ಲೆಯಲ್ಲಿ ನಿಮ್ಮ ಪೈಕಿ ಯಾರೂ ಇರಬಾರದು, ಎಲ್ಲಿಗಾದರೂ ಹೋಗಿ ಎನ್ನುತ್ತಾರೆ. ಹೋಗದಿದ್ದರೆ ಹೊಡೆಯುತ್ತಾರೆ, ಕೊಲ್ಲುತ್ತಾರೆ, ಮನೆ ಸುಡುತ್ತಾರೆ. ಜನಾಂಗಹತ್ಯೆ ಮಾಡುವವರ ಗುರಿ ಆ ಜನರೇ. ಆ ಗುಂಪು ಪೂರ್ತಿಯಾಗಿ, ಅಥವಾ ಅದರ ಒಂದು ಮುಖ್ಯ ಭಾಗ, ಇಲ್ಲವಾಗಬೇಕು ಎನ್ನುವುದು ಅವರ ಉದ್ದೇಶ.

ಬೋರ್ಡಿನ ಮೇಲೆ ಬರೆಯಲು ಇಷ್ಟು ಸಾಕು. ಆದರೆ ಇಷ್ಟಕ್ಕೇ ಪಾಠ ನಿಲ್ಲಿಸಬೇಡಿ. ನಿಜವಾಗಿ ನಡೆದ ಘಟನೆಗಳಲ್ಲಿ ಇವೆರಡರ ನಡುವೆ ಇಷ್ಟು ಸ್ಪಷ್ಟವಾದ ಗೆರೆ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಜನಾಂಗಹತ್ಯೆಗೆ ಒಂದು ಒಪ್ಪಂದವೇ ಇದೆ. ವಿಶ್ವಸಂಸ್ಥೆಯ ಮಹಾಸಭೆ 1948ರ ಡಿಸೆಂಬರ್ 9ರಂದು ಅದನ್ನು ಅಂಗೀಕರಿಸಿತು. ಇದರ ಹಿಂದೆ ಇದ್ದವರು ರಫೇಲ್ ಲೆಮ್ಕಿನ್ ಎಂಬ ಪೋಲೆಂಡಿನ ಯಹೂದಿ ವಕೀಲರು. 'ಜೆನೊಸೈಡ್' ಎಂಬ ಪದವನ್ನು 1944ರಲ್ಲಿ ಚಲಾವಣೆಗೆ ತಂದವರೂ ಅವರೇ. ಭಾರತ ಈ ಒಪ್ಪಂದವನ್ನು 1959ರಲ್ಲಿ ಅನುಮೋದಿಸಿತು. ಆದರೆ ನಮ್ಮ ದಂಡಸಂಹಿತೆಯಲ್ಲಿ ಇದಕ್ಕೆ ಪ್ರತ್ಯೇಕ ಕಲಂ ಇಲ್ಲ.

ಒಪ್ಪಂದ ಐದು ಕೃತ್ಯಗಳನ್ನು ಹೆಸರಿಸುತ್ತದೆ. ಗುಂಪಿನವರನ್ನು ಕೊಲ್ಲುವುದು, ದೇಹಕ್ಕೆ ಅಥವಾ ಮನಸ್ಸಿಗೆ ಗಂಭೀರ ಹಾನಿ ಮಾಡುವುದು, ಬದುಕಿ ಉಳಿಯಲಾಗದಂಥ ಸ್ಥಿತಿಯನ್ನು ಬೇಕೆಂದೇ ತಂದಿಡುವುದು, ಮಕ್ಕಳು ಹುಟ್ಟದಂತೆ ತಡೆಯುವುದು, ಮಕ್ಕಳನ್ನು ಕಿತ್ತುಕೊಂಡು ಬೇರೆ ಗುಂಪಿಗೆ ಕೊಡುವುದು. ಇವುಗಳಲ್ಲಿ ಒಂದನ್ನಾದರೂ ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪೊಂದನ್ನು ನಾಶ ಮಾಡುವ ಉದ್ದೇಶದಿಂದಲೇ ಮಾಡಿರಬೇಕು. ಆ ಉದ್ದೇಶವನ್ನು ಸಾಬೀತು ಮಾಡುವುದೇ ಕೋರ್ಟಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ರಾಜಕೀಯ ಪಕ್ಷದವರು, ಆರ್ಥಿಕ ವರ್ಗದವರು ಈ ಪಟ್ಟಿಯಲ್ಲಿಲ್ಲ. ಮಕ್ಕಳು ಇದನ್ನು ಕೇಳಿ ಬೆರಗಾಗುತ್ತಾರೆ.

ಜನಾಂಗೀಯ ಶುದ್ಧೀಕರಣಕ್ಕೆ ಇಂಥ ಒಪ್ಪಂದ ಇಲ್ಲ. ಅದು ಪ್ರತ್ಯೇಕ ಅಪರಾಧದ ಹೆಸರೂ ಅಲ್ಲ. ಬೋಸ್ನಿಯಾವೂ ಸೇರಿದ್ದ ಯುಗೊಸ್ಲಾವಿಯಾ ದೇಶ ಒಡೆದ ಕಾಲದಲ್ಲಿ ಈ ಪದ ಪತ್ರಿಕೆಗಳ ಮೂಲಕ ಜಗತ್ತಿಗೆಲ್ಲ ಹರಡಿತು. ವಿಶ್ವಸಂಸ್ಥೆ ನೇಮಿಸಿದ ತಜ್ಞರ ಆಯೋಗ 1993–94ರಲ್ಲಿ ಅದಕ್ಕೆ ಒಂದು ವಿವರಣೆ ಕೊಟ್ಟಿತು: ಒಂದು ಗುಂಪು ಇನ್ನೊಂದು ಗುಂಪಿನ ನಾಗರಿಕರನ್ನು ಹಿಂಸೆಯಿಂದ, ಭಯ ಹುಟ್ಟಿಸಿ, ಒಂದು ಪ್ರದೇಶದಿಂದ ಹೊರಹಾಕಲು ಯೋಜಿಸಿ ನಡೆಸುವ ನೀತಿ. ಹೆಸರಿನಲ್ಲಿ ಕಲಂ ಇಲ್ಲದಿದ್ದರೂ ಶಿಕ್ಷೆ ಇದೆ. ಗಡೀಪಾರು, ಬಲವಂತದ ಸ್ಥಳಾಂತರ, ಕಿರುಕುಳ, ಸಾಮೂಹಿಕ ಕೊಲೆ ಇವೆಲ್ಲ 'ಮಾನವೀಯತೆಯ ವಿರುದ್ಧದ ಅಪರಾಧ'ಗಳ ಅಡಿಯಲ್ಲಿ ಬರುತ್ತವೆ.

ಪತ್ರಿಕೆಗಳು ಎಲ್ಲದಕ್ಕೂ 'ನರಮೇಧ' ಎನ್ನುತ್ತವೆ. ಏನು ಮಾಡೋದು?

ಹತ್ತು ಜನ ಸತ್ತರೂ ನರಮೇಧ, ಹತ್ತು ಲಕ್ಷ ಜನ ಸತ್ತರೂ ನರಮೇಧ. ಶೀರ್ಷಿಕೆಗೆ ಅದು ನಡೆಯುತ್ತದೆ. ಪಾಠದಲ್ಲಿ ಕಾನೂನಿನ ಅರ್ಥ ಬೇಕಾದಾಗ 'ಜನಾಂಗಹತ್ಯೆ' ಎಂದೇ ಹೇಳಿ, ಕೊನೆಯವರೆಗೂ ಅದನ್ನೇ ಬಳಸಿ. ಅಷ್ಟು ಸಾಕು.

ಉದಾಹರಣೆಗೆ ಬೋಸ್ನಿಯಾನೇ ಯಾಕೆ? ನಾಜಿ ಜರ್ಮನಿ ಸಾಕಲ್ಲವಾ?

ನಾಜಿಗಳ ವಿಷಯದಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಅದಕ್ಕೇ ಈ ಎರಡರ ವ್ಯತ್ಯಾಸ ಕಲಿಸಲು ಅದು ಅಷ್ಟಾಗಿ ಸಹಾಯಕ್ಕೆ ಬರುವುದಿಲ್ಲ. ಬೋಸ್ನಿಯಾದಲ್ಲಿ ಒಂದೇ ಯುದ್ಧ, ಒಂದೇ ಸೇನೆ, ಅದೇ ನಾಯಕರು. ಎರಡು ಊರುಗಳ ಪ್ರಕರಣ ಒಂದೇ ಕೋರ್ಟಿಗೆ ಹೋಯಿತು, ಎರಡು ಬೇರೆ ಉತ್ತರ ಬಂತು. ಪ್ರಿಯೆದೋರ್ ಮತ್ತು ಸ್ರೆಬ್ರೆನಿತ್ಸಾ. ಈ ಎರಡೂ ಊರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಪಾಠ ತಾನಾಗಿ ನಡೆಯುತ್ತದೆ.

ಇನ್ನೊಂದು ಕಾರಣ, ಇದು ಬಣ್ಣದ ಟಿವಿ ಬಂದ ಮೇಲೆ ನಡೆದದ್ದು. ಜೀನ್ಸ್ ತೊಟ್ಟು, ಕ್ಯಾಸೆಟ್ಟಿನಲ್ಲಿ ಹಾಡು ಕೇಳುತ್ತಿದ್ದ ಹುಡುಗರಿಗೆ ಆದದ್ದು. ಇದು ಹಳೆ ಕಾಲದ ಕಥೆ ಎಂದು ಮಕ್ಕಳು ಪಕ್ಕಕ್ಕೆ ಸರಿಸಲು ಆಗುವುದಿಲ್ಲ.

ಹಿನ್ನೆಲೆ ಎಷ್ಟು ಹೇಳಬೇಕು?

ಸ್ವಲ್ಪ ಸಾಕು. ಬಾಲ್ಕನ್ ಇತಿಹಾಸವನ್ನು ಒಟೊಮನ್ ಕಾಲದಿಂದ ಶುರು ಮಾಡಿದರೆ ಪೀರಿಯಡ್ ಅಲ್ಲೇ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ, 'ಅವರು ನೂರಾರು ವರ್ಷದಿಂದ ಕಿತ್ತಾಡುತ್ತಲೇ ಇದ್ದರು' ಎಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಕೂರುತ್ತದೆ. ಅದು ನಿಜವಲ್ಲ. ಪಕ್ಕದ ಮನೆಯವರ ಮದುವೆಗೆ ಹೋಗಿ ಬರುತ್ತಿದ್ದವರು ಅವರು.

ಇಷ್ಟು ಹೇಳಿ: 1991ರ ಜನಗಣತಿಯಲ್ಲಿ ಬೋಸ್ನಿಯಾದ ಸುಮಾರು 44 ಲಕ್ಷ ಜನರಲ್ಲಿ ಹತ್ತಿರ ಹತ್ತಿರ ಶೇ. 44 ಮುಸ್ಲಿಮರು (ಬೋಸ್ನಿಯಾಕರು), ಶೇ. 31 ಸರ್ಬರು, ಶೇ. 17 ಕ್ರೊಯೇಟರು. ಯುಗೊಸ್ಲಾವಿಯಾ ಒಡೆಯಿತು. 1992ರ ಫೆಬ್ರವರಿ-ಮಾರ್ಚ್‌ನಲ್ಲಿ ಸ್ವಾತಂತ್ರ್ಯಕ್ಕಾಗಿ ಜನಮತಗಣನೆ ನಡೆಯಿತು, ಹೆಚ್ಚಿನ ಸರ್ಬರು ಅದನ್ನು ಬಹಿಷ್ಕರಿಸಿದರು. ಏಪ್ರಿಲ್‌ನಲ್ಲಿ ಯುದ್ಧ. ಮೇ 12ರಂದು ಬೋಸ್ನಿಯಾದ ಸರ್ಬರ ಸಭೆ ಆರು ಗುರಿಗಳನ್ನು ಒಪ್ಪಿಕೊಂಡಿತು. ಮೊದಲನೆಯದೇ, ಸರ್ಬರನ್ನು ಉಳಿದೆರಡು ಸಮುದಾಯಗಳಿಂದ ಬೇರ್ಪಡಿಸುವುದು. ಮೂರೂ ಸಮುದಾಯದವರು ಒಂದೇ ಬೀದಿಯಲ್ಲಿ, ಒಂದೇ ಅಪಾರ್ಟ್‌ಮೆಂಟಿನಲ್ಲಿ ಇರುವ ದೇಶದಲ್ಲಿ ಬೇರ್ಪಡಿಸುವುದು ಅಂದರೆ ಹೇಗೆ? ಈ ಪ್ರಶ್ನೆಯನ್ನು ಮಕ್ಕಳಿಗೇ ಬಿಡಿ. ಉತ್ತರ ಅವರೇ ಹೇಳುತ್ತಾರೆ.

ಪ್ರಿಯೆದೋರ್‌ನಲ್ಲಿ ಏನಾಯಿತು?

ವಾಯವ್ಯ ಬೋಸ್ನಿಯಾದ ಊರು, ಸುತ್ತ ಹಳ್ಳಿಗಳು. 1991ರಲ್ಲಿ ಅಲ್ಲಿ 49,351 ಮುಸ್ಲಿಮರು, 47,581 ಸರ್ಬರು ಇದ್ದರು. ಹೆಚ್ಚುಕಡಿಮೆ ಸಮಸಮ. 1992ರ ಏಪ್ರಿಲ್ 30ರ ಬೆಳಿಗ್ಗೆ ಜನ ಏಳುವಷ್ಟರಲ್ಲಿ ಸರ್ಬರ ಪಕ್ಷ ನಗರಾಡಳಿತ, ಪೊಲೀಸ್ ಠಾಣೆ, ರೇಡಿಯೋ ಎಲ್ಲವನ್ನೂ ವಶಕ್ಕೆ ತೆಗೆದುಕೊಂಡಿತ್ತು.

ಮುಂದಿನ ವಾರಗಳನ್ನು ಒಂದೊಂದಾಗಿ ಬೋರ್ಡಿನ ಮೇಲೆ ಬರೆಯಿರಿ. ಸರ್ಬರಲ್ಲದವರ ಕೆಲಸ ಹೋಯಿತು. ರೇಡಿಯೋದಲ್ಲಿ ದಿನವೂ ಅವರ ಮೇಲೆ ಆರೋಪ. ಆಯುಧ ಒಪ್ಪಿಸಿ ಎಂಬ ಆದೇಶ. ಓಡಾಟಕ್ಕೆ ತಡೆ. ಮೇ 24ರಂದು ಕೊಜಾರಾತ್ಸ್ ಎಂಬ ಊರಿನ ಮೇಲೆ ಫಿರಂಗಿ ದಾಳಿ. ಮೇ 31ರಂದು, ಸರ್ಬರಲ್ಲದವರು ಮನೆಗೆ ಬಿಳಿ ಬಟ್ಟೆ ಕಟ್ಟಬೇಕು, ಹೊರಗೆ ಬಂದರೆ ತೋಳಿಗೆ ಬಿಳಿ ಪಟ್ಟಿ ಹಾಕಬೇಕು ಎಂಬ ಆದೇಶ.

ಆಮೇಲೆ ಮೂರು ಶಿಬಿರಗಳು. ಒಮಾರ್ಸ್ಕಾ ಒಂದು ಕಬ್ಬಿಣದ ಅದಿರಿನ ಗಣಿ. ಕೆರಾಟೆರ್ಮ್ ಒಂದು ಕಾರ್ಖಾನೆ. ಮೂರನೆಯದು ತೃನೊಪೋಲ್ಯೆ ಎಂಬ ಹಳ್ಳಿಯ ಶಾಲೆ ಮತ್ತು ಅದರ ಪಕ್ಕದ ಕಟ್ಟಡಗಳು. ಶಾಲೆ ಎಂದ ಕೂಡಲೇ ತರಗತಿ ತಣ್ಣಗಾಗುತ್ತದೆ. ಮೊದಲು ಹಿಡಿದದ್ದು ಊರಿನ ಮುಖಂಡರನ್ನು, ಓದಿದವರನ್ನು. ಚುನಾವಣೆಯಲ್ಲಿ ಗೆದ್ದಿದ್ದ ಮೇಯರ್ ಮುಹಮದ್ ಚೆಹಾಯಿಚ್ ಅವರನ್ನೂ ಒಮಾರ್ಸ್ಕಾಗೆ ಒಯ್ದರು. ಅವರು ಜೀವಂತ ಮರಳಲಿಲ್ಲ. 1992ರ ಆಗಸ್ಟ್ 5ರಂದು ಬ್ರಿಟನ್ನಿನ ಪತ್ರಕರ್ತರು ಶಿಬಿರಗಳನ್ನು ಕಂಡರು. ಮುಳ್ಳುತಂತಿಯ ಹಿಂದೆ ನಿಂತ, ಪಕ್ಕೆಲುಬು ಕಾಣುವ ಗಂಡಸರ ಚಿತ್ರ ಜಗತ್ತಿನ ಟಿವಿಗಳಲ್ಲೆಲ್ಲ ಬಂತು.

ಊರು ಬಿಡುವವರಿಂದ, ಮನೆ-ಆಸ್ತಿ ಬಿಟ್ಟುಕೊಡುತ್ತೇವೆ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಈ ಒಂದು ವಿವರವನ್ನು ಬಿಡಲೇಬೇಡಿ. ಗುಂಪುದಂಗೆಯಲ್ಲಿ ರಸೀದಿ, ಸೀಲು ಇರುವುದಿಲ್ಲ. ಇಲ್ಲಿ ಇದ್ದವು. ಅಂದರೆ ಇದು ಕಚೇರಿಯಲ್ಲಿ ಕೂತು ಮಾಡಿದ ಕೆಲಸ.

ಆ ತಾಲ್ಲೂಕಿನಷ್ಟು ಜಾಗದಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಅವರಲ್ಲಿ 102 ಮಕ್ಕಳು. ತೊಮಾಶಿತ್ಸಾ ಎಂಬಲ್ಲಿನ ಸಾಮೂಹಿಕ ಗೋರಿ ಸಿಕ್ಕಿದ್ದು 2013ರಲ್ಲಿ, ಇಪ್ಪತ್ತೊಂದು ವರ್ಷ ಕಳೆದ ಮೇಲೆ.

ಸ್ರೆಬ್ರೆನಿತ್ಸಾದಲ್ಲಿ?

ಇದು ಪೂರ್ವದ ತುದಿ, ಸರ್ಬಿಯಾ ಗಡಿಯ ಹತ್ತಿರ. ಸುತ್ತಲಿನ ಹಳ್ಳಿಗಳಿಂದ ಓಡಿಸಲ್ಪಟ್ಟ ಮುಸ್ಲಿಮರು ಇಲ್ಲಿ ಬಂದು ಸೇರಿದ್ದರು. ಭದ್ರತಾ ಮಂಡಳಿ 1993ರ ಏಪ್ರಿಲ್‌ನಲ್ಲಿ ಇದನ್ನು 'ಸುರಕ್ಷಿತ ಪ್ರದೇಶ' ಎಂದು ಘೋಷಿಸಿತು. ಕಾವಲಿಗೆ ಕೊನೆಯಲ್ಲಿ ಇದ್ದದ್ದು ಡಚ್ ಶಾಂತಿಪಾಲನಾ ತುಕಡಿ. 1995ರ ಮಾರ್ಚ್‌ನಲ್ಲಿ ಸರ್ಬರ ನಾಯಕ ರಾದೊವಾನ್ ಕರಾಜಿಚ್ ಸಹಿ ಮಾಡಿದ ಸೇನಾ ನಿರ್ದೇಶನವೊಂದು, ಅಲ್ಲಿನವರಿಗೆ ಬದುಕುವ ಆಸೆಯೇ ಉಳಿಯದಂಥ ಸ್ಥಿತಿ ತರಬೇಕು ಎಂದು ಹೇಳಿತು. ಜುಲೈ 11ರಂದು ಜನರಲ್ ರಾಟ್ಕೊ ಮ್ಲಾದಿಚ್ ಸೇನೆ ಊರಿಗೆ ನುಗ್ಗಿತು.

ಜನ ಪಕ್ಕದ ಪೊತೊಚಾರಿಯಲ್ಲಿದ್ದ ಡಚ್ ನೆಲೆಗೆ ಓಡಿದರು. ಅಲ್ಲಿ ಗಂಡಸರನ್ನು, ಹುಡುಗರನ್ನು ಬೇರೆ ಮಾಡಿದರು. ಹೆಂಗಸರು, ಮಕ್ಕಳು, ಮುದುಕರು ಸೇರಿ ಸುಮಾರು 25,000 ಜನರನ್ನು ಬಸ್ಸುಗಳಲ್ಲಿ ತುಂಬಿ ಸಾಗಿಸಿದರು. ಸಾವಿರಾರು ಗಂಡಸರು ಕಾಡಿನ ದಾರಿಯಲ್ಲಿ, ಬೋಸ್ನಿಯಾ ಸರ್ಕಾರದ ಕೈಯಲ್ಲಿದ್ದ ತುಜ್ಲಾ ಊರಿನ ಕಡೆಗೆ ನಡೆದರು. ಹಲವರು ದಾರಿಯಲ್ಲೇ ಸಿಕ್ಕಿಬಿದ್ದರು. ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಗಂಡಸರು, ಹುಡುಗರು ಸತ್ತರು. ಗೋದಾಮಿನಲ್ಲಿ, ಶಾಲೆಗಳ ಹತ್ತಿರ, ಹೊಲಗಳಲ್ಲಿ.

ಆಮೇಲೆ, ಅದೇ ವರ್ಷದ ಶರತ್ಕಾಲದಲ್ಲಿ, ಗೋರಿಗಳನ್ನು ಯಂತ್ರದಿಂದ ಅಗೆದು ದೇಹಗಳನ್ನು ಬೇರೆ ಕಡೆ ಹೂತರು. ಹಾಗಾಗಿ ಒಬ್ಬನೇ ಮನುಷ್ಯನ ಮೂಳೆಗಳು ಎರಡು-ಮೂರು ಗೋರಿಗಳಲ್ಲಿ ಸಿಕ್ಕಿವೆ. ಡಿಎನ್ಎ ಪರೀಕ್ಷೆಯಿಂದ ಹೆಚ್ಚಿನವರ ಗುರುತು ಹಿಡಿದಿದ್ದಾರೆ. ಇವತ್ತಿಗೂ ಪ್ರತಿ ಜುಲೈ 11ರಂದು ಆ ವರ್ಷ ಗುರುತು ಸಿಕ್ಕವರ ಅಂತ್ಯಸಂಸ್ಕಾರ ಪೊತೊಚಾರಿಯಲ್ಲಿ ನಡೆಯುತ್ತದೆ. ವಿಜ್ಞಾನ ಇಷ್ಟಪಡುವ ಮಕ್ಕಳು ಈ ಡಿಎನ್ಎ ಭಾಗವನ್ನು ಕೆದಕಿ ಕೆದಕಿ ಕೇಳುತ್ತಾರೆ. ಕೇಳಲಿ ಬಿಡಿ.

ಹಾಗಾದರೆ ಸ್ರೆಬ್ರೆನಿತ್ಸಾ ಜನಾಂಗಹತ್ಯೆ, ಪ್ರಿಯೆದೋರ್ ಅಲ್ಲ. ಯಾಕೆ?

ಇಡೀ ಪಾಠದ ತಿರುಳು ಇದು. ಸಮಯ ಕೊಡಿ.

ಮೊದಲು ಉದ್ದೇಶ ಎಂದರೇನು ಎಂದು ತಿಳಿಸಬೇಕು. ಬೈಕ್ ಗುದ್ದಿ ಒಬ್ಬ ಸತ್ತ ಎಂದುಕೊಳ್ಳಿ. ಅಜಾಗರೂಕತೆಯೋ, ಬೇಕೆಂದೇ ಗುದ್ದಿದ್ದೋ ಎಂಬುದರ ಮೇಲೆ ಕೇಸಿನ ಕಲಂ ಬದಲಾಗುತ್ತದೆ. ಸತ್ತವನ ಮನೆಯವರ ದುಃಖ ಎರಡರಲ್ಲೂ ಒಂದೇ. ಕೋರ್ಟ್ ಅಳೆಯುವುದು ಮಾಡಿದವನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು.

ಪ್ರಿಯೆದೋರ್‌ನ ಮುಖ್ಯ ಪ್ರಕರಣ ಮಿಲೋಮಿರ್ ಸ್ತಾಕಿಚ್ ಅವರದು. ವೃತ್ತಿಯಲ್ಲಿ ವೈದ್ಯ, ಆಗ ಊರಿನ ಆಡಳಿತದ ಮುಖ್ಯಸ್ಥ. ಈ ಯುದ್ಧಗಳ ಅಪರಾಧಿಗಳ ವಿಚಾರಣೆಗೆ ವಿಶ್ವಸಂಸ್ಥೆ ರಚಿಸಿದ, ಹೇಗ್‌ನಲ್ಲಿದ್ದ ಯುಗೊಸ್ಲಾವಿಯಾ ನ್ಯಾಯಮಂಡಳಿ 2003ರಲ್ಲಿ ಅವರನ್ನು ಸಾಮೂಹಿಕ ನಿರ್ನಾಮ, ಕಿರುಕುಳ ಮುಂತಾದ ಅಪರಾಧಗಳಿಗೆ ತಪ್ಪಿತಸ್ಥ ಎಂದಿತು. ಜನಾಂಗಹತ್ಯೆಯ ಆರೋಪ ಮಾತ್ರ ಬಿದ್ದುಹೋಯಿತು. ಆ ಗುಂಪನ್ನು ಅಲ್ಲಿಂದ ತೊಲಗಿಸುವ ಉದ್ದೇಶ ಸಾಬೀತಾಗಿದೆ, ಗುಂಪನ್ನೇ ನಾಶ ಮಾಡುವ ಉದ್ದೇಶ ಸಾಬೀತಾಗಿಲ್ಲ, ಹೊರಗಟ್ಟುವುದೊಂದೇ ಜನಾಂಗಹತ್ಯೆ ಆಗದು ಎಂಬುದು ತರ್ಕ. ಜೀವಾವಧಿ ಶಿಕ್ಷೆಯನ್ನು ಮೇಲ್ಮನವಿಯಲ್ಲಿ 40 ವರ್ಷಕ್ಕೆ ಇಳಿಸಿದರು.

ಸ್ರೆಬ್ರೆನಿತ್ಸಾಗೆ ಬನ್ನಿ. ಜನರಲ್ ರಾದಿಸ್ಲಾವ್ ಕ್ರಸ್ತಿಚ್ ಪ್ರಕರಣದಲ್ಲಿ 2001ರಲ್ಲಿ ಆ ನ್ಯಾಯಮಂಡಳಿ ಮೊದಲ ಬಾರಿಗೆ ಜನಾಂಗಹತ್ಯೆಯ ತೀರ್ಪು ಕೊಟ್ಟಿತು. 2004ರ ಮೇಲ್ಮನವಿಯಲ್ಲಿ ಅವರ ಪಾತ್ರ 'ನೆರವು ನೀಡಿದವನು' ಎಂದು ಬದಲಾಯಿತು, ಶಿಕ್ಷೆ 35 ವರ್ಷ ಆಯಿತು. ಆದರೆ ನಡೆದದ್ದು ಜನಾಂಗಹತ್ಯೆ ಎಂಬುದು ಹಾಗೇ ಉಳಿಯಿತು. ಅಲ್ಲೂ ಹೆಂಗಸರನ್ನು, ಮಕ್ಕಳನ್ನು ಕೊಲ್ಲದೆ ಸಾಗಿಸಿದ್ದರಲ್ಲ ಎಂದು ಬುದ್ಧಿವಂತ ವಿದ್ಯಾರ್ಥಿ ಕೇಳಿಯೇ ಕೇಳುತ್ತಾರೆ. ವಕೀಲರೂ ಅದನ್ನೇ ವಾದಿಸಿದ್ದರು. ನ್ಯಾಯಾಧೀಶರ ಉತ್ತರ ಹೀಗಿತ್ತು: ಒಂದು ಸಮುದಾಯದ ಗಂಡಸರನ್ನೆಲ್ಲ ಕೊಂದು, ಉಳಿದವರನ್ನು ಬೇರೆಡೆಗೆ ಅಟ್ಟಿದರೆ ಆ ಸಮುದಾಯ ಮತ್ತೆ ಬೆಳೆಯುವುದಿಲ್ಲ. ಇದು ಕೊಂದವರಿಗೆ ಗೊತ್ತಿತ್ತು. ಇಲ್ಲಿ ಬಸ್ಸಿನಲ್ಲಿ ಸಾಗಿಸಿದ್ದು ದಯೆಯ ಗುರುತಾಗಲಿಲ್ಲ, ನಾಶದ ಉದ್ದೇಶಕ್ಕೆ ಸಾಕ್ಷಿಯಾಯಿತು.

ದೇಶ-ದೇಶಗಳ ನಡುವಿನ ಮೊಕದ್ದಮೆ ಕೇಳುವ ಅಂತರರಾಷ್ಟ್ರೀಯ ನ್ಯಾಯಾಲಯ 2007ರ ಫೆಬ್ರವರಿಯಲ್ಲಿ ಇದೇ ದಾರಿ ಹಿಡಿಯಿತು. ಸ್ರೆಬ್ರೆನಿತ್ಸಾದಲ್ಲಿ ನಡೆದದ್ದು ಜನಾಂಗಹತ್ಯೆ, ಅದನ್ನು ತಡೆಯುವ ಕರ್ತವ್ಯದಲ್ಲಿ ಸರ್ಬಿಯಾ ಸೋತಿತು ಎಂದಿತು. ಜನಾಂಗೀಯ ಶುದ್ಧೀಕರಣ ತಾನಾಗಿಯೇ ಜನಾಂಗಹತ್ಯೆ ಆಗುವುದಿಲ್ಲ, ಆದರೆ ನಾಶದ ಉದ್ದೇಶವನ್ನು ಹುಡುಕುವಾಗ ಅದು ಮುಖ್ಯ ಸುಳಿವು ಆಗಬಹುದು ಎಂದೂ ಹೇಳಿತು. ಇವೆರಡರ ಸಂಬಂಧ ಏನು ಎಂದು ಕೇಳಿದರೆ ಈ ಸಾಲೇ ಉತ್ತರ.

ಇದನ್ನು ಎಲ್ಲರೂ ಒಪ್ಪುತ್ತಾರಾ?

ಇಲ್ಲ. ಮಕ್ಕಳಿಗೆ ಇದನ್ನೂ ಹೇಳಬೇಕು. 1992ರ ಡಿಸೆಂಬರ್‌ನಲ್ಲಿ ಮಹಾಸಭೆಯ ನಿರ್ಣಯವೇ ಜನಾಂಗೀಯ ಶುದ್ಧೀಕರಣವನ್ನು ಜನಾಂಗಹತ್ಯೆಯ ಒಂದು ರೂಪ ಎಂದು ಕರೆದಿತ್ತು. ಜರ್ಮನಿಯ ಕೋರ್ಟೊಂದು 1997ರಲ್ಲಿ ನಿಕೊಲಾ ಯೊರ್ಗಿಚ್ ಎಂಬ ಬೋಸ್ನಿಯಾದ ಸರ್ಬನಿಗೆ, ಸ್ರೆಬ್ರೆನಿತ್ಸಾಗೆ ಸಂಬಂಧವೇ ಇಲ್ಲದ ದೊಬೊಯ್ ಪ್ರದೇಶದ ಕೃತ್ಯಗಳಿಗಾಗಿ, ಜನಾಂಗಹತ್ಯೆಯ ಶಿಕ್ಷೆ ಕೊಟ್ಟಿತು. ಗುಂಪನ್ನು ಒಂದು ಸಮಾಜವಾಗಿ ಮುರಿದುಹಾಕಿದರೂ ಅದು ನಾಶವೇ ಎಂಬುದು ಅಲ್ಲಿನ ನ್ಯಾಯಾಧೀಶರ ಅಭಿಪ್ರಾಯ. ಹೇಗ್‌ನಲ್ಲೂ 2017ರ ಮ್ಲಾದಿಚ್ ತೀರ್ಪಿನಲ್ಲಿ ಬಹುಮತದ ನ್ಯಾಯಾಧೀಶರು, ಪ್ರಿಯೆದೋರ್ ಸೇರಿ ಕೆಲವು ಕಡೆ ಕೊಂದವರಲ್ಲಿ ನಾಶದ ಉದ್ದೇಶ ಇತ್ತು ಎಂದೇ ಹೇಳಿದರು. ಗುರಿಯಾದ ಭಾಗ ಇಡೀ ಗುಂಪಿನ ಲೆಕ್ಕದಲ್ಲಿ ಸಾಕಷ್ಟು ದೊಡ್ಡದಲ್ಲ ಎಂಬ ಕಾರಣಕ್ಕೆ ಅಲ್ಲಿ ಜನಾಂಗಹತ್ಯೆ ಎನ್ನಲಿಲ್ಲ. ಪ್ರಿಯೆದೋರ್‌ನಲ್ಲಿ ಬದುಕುಳಿದವರಿಗೆ ಈ ಲೆಕ್ಕಾಚಾರ ಒಪ್ಪಿಗೆಯಾಗಿಲ್ಲ. ಆಗಬೇಕು ಎಂದು ನಾವು ಹೇಳುವ ಹಾಗೂ ಇಲ್ಲ.

"ಹಾಗಾದ್ರೆ ಓಡಿಸೋದು ಸಣ್ಣ ತಪ್ಪಾ ಮಿಸ್?" ಎಂದು ಕೇಳಿದರೆ?

ಖಂಡಿತ ಕೇಳುತ್ತಾರೆ. ಕೇಳದಿದ್ದರೆ ಪಾಠ ಸರಿಯಾಗಿ ತಲುಪಿಲ್ಲ ಎಂದೇ ಅರ್ಥ. ಸ್ತಾಕಿಚ್‌ಗೆ ಜನಾಂಗಹತ್ಯೆ ಇಲ್ಲದೆಯೂ 40 ವರ್ಷ, ಕ್ರಸ್ತಿಚ್‌ಗೆ ಜನಾಂಗಹತ್ಯೆಗೆ ನೆರವಾದದ್ದೂ ಸೇರಿ 35 ವರ್ಷ. ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಂತರೆ ಸಾಕು.

ನಮ್ಮ ಮಾಧ್ಯಮ, ರಾಜಕೀಯ ಎಲ್ಲವೂ 'ಜನಾಂಗಹತ್ಯೆ' ಎಂಬ ಪದವನ್ನು ಮೊದಲ ರ್‍ಯಾಂಕ್ ಮಾಡಿಬಿಟ್ಟಿವೆ. ಆ ಹೆಸರು ಸಿಕ್ಕರೆ ಮಾತ್ರ ನೋವಿಗೆ ಬೆಲೆ ಎನ್ನುವ ಹಾಗೆ ಆಗಿದೆ. ನನ್ನ ಪ್ರಕಾರ ತರಗತಿಯಲ್ಲಿ ಮುರಿಯಬೇಕಾದ ಅಭ್ಯಾಸ ಇದೇ. ಇನ್ನೊಂದು ಕಡೆಯ ಅಪಾಯವೂ ಇದೆ. ಸರ್ಕಾರಗಳು ಜನಾಂಗಹತ್ಯೆ ಎಂದರೆ ತಡೆಯುವ ಹೊಣೆ ಮೈಮೇಲೆ ಬರುತ್ತದೆ ಎಂದು 'ಶುದ್ಧೀಕರಣ' ಎಂಬ ಮೃದು ಪದದ ಹಿಂದೆ ಅಡಗಿಕೊಳ್ಳುತ್ತವೆ. ಎರಡನ್ನೂ ಹೇಳಿ.

ಮಸೀದಿ, ಗ್ರಂಥಾಲಯ ಸುಟ್ಟದ್ದನ್ನು ಇಲ್ಲಿ ಹೇಳಬೇಕಾ?

ಹೇಳಲೇಬೇಕು. ಸರ್ಬರ ಹಿಡಿತದಲ್ಲಿದ್ದ ಬಾನ್ಯಾ ಲೂಕಾ ನಗರದಲ್ಲಿ ಯುದ್ಧವೇ ನಡೆಯಲಿಲ್ಲ. ಆದರೂ 1579ರಲ್ಲಿ ಕಟ್ಟಿದ ಫೆರ್ಹಾದಿಯಾ ಮಸೀದಿಯನ್ನು 1993ರ ಮೇ 7ರಂದು ಸ್ಫೋಟಿಸಿ ನೆಲಸಮ ಮಾಡಿದರು. ಗುಂಡು ಹಾರದ ಊರಲ್ಲಿ ಮಸೀದಿ ಯಾಕೆ ಬೀಳಬೇಕು? ಜನ ವಾಪಸ್ ಬಂದರೂ ತಮ್ಮದು ಎನ್ನಲು ಏನೂ ಇರಬಾರದು, ಅಷ್ಟೇ. ಫೋಚಾ ಎಂಬ ಊರಿನ ಹೆಸರನ್ನೇ ಬದಲಾಯಿಸಿ ಸರ್ಬಿನ್ಯೆ ಎಂದು ಇಟ್ಟರು. 1992ರ ಆಗಸ್ಟ್‌ನಲ್ಲಿ ರಾಜಧಾನಿ ಸಾರಾಯೆವೊದ ರಾಷ್ಟ್ರೀಯ ಗ್ರಂಥಾಲಯ ಶೆಲ್ ದಾಳಿಗೆ ಉರಿದುಹೋಯಿತು.

ಲೆಮ್ಕಿನ್‌ಗೆ ಸಂಸ್ಕೃತಿಯ ನಾಶವೂ ಒಪ್ಪಂದದಲ್ಲಿ ಬರಬೇಕು ಎಂಬ ಆಸೆ ಇತ್ತು. ದೇಶಗಳು ಒಪ್ಪಲಿಲ್ಲ, 1948ರಲ್ಲಿ ಅದು ಬಿಟ್ಟುಹೋಯಿತು. ಆದರೂ ಕ್ರಸ್ತಿಚ್ ತೀರ್ಪಿನಲ್ಲಿ, ಇಂಥ ನಾಶವನ್ನು ಉದ್ದೇಶಕ್ಕೆ ಸಾಕ್ಷಿಯಾಗಿ ನೋಡಬಹುದು ಎಂದರು. ಫೆರ್ಹಾದಿಯಾವನ್ನು ಮತ್ತೆ ಕಟ್ಟಿ 2016ರ ಮೇ 7ರಂದು ತೆರೆದರು.

ಸರ್ಬರು ಮಾತ್ರ ಹೀಗೆ ಮಾಡಿದರಾ?

ಇಲ್ಲ. 1993ರ ಏಪ್ರಿಲ್ 16ರಂದು ಅಹ್ಮಿಚಿ ಎಂಬ ಹಳ್ಳಿಯಲ್ಲಿ ಕ್ರೊಯೇಟ್ ಪಡೆಗಳು ನೂರಕ್ಕೂ ಹೆಚ್ಚು ಮುಸ್ಲಿಮರನ್ನು ಕೊಂದವು. 1995ರ ಆಗಸ್ಟ್‌ನಲ್ಲಿ ಕ್ರೊಯೇಷಿಯಾದ ಸೇನೆ ತನ್ನ ದೇಶದಲ್ಲೇ ಸರ್ಬರ ಹಿಡಿತದಲ್ಲಿದ್ದ ಕ್ರಾಯಿನಾ ಪ್ರದೇಶಕ್ಕೆ ನುಗ್ಗಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಸರ್ಬರು ಟ್ರ್ಯಾಕ್ಟರ್‌ಗಳಲ್ಲಿ ಸಾಮಾನು ಹೇರಿಕೊಂಡು ಓಡಿದರು. ಆ ಸೇನೆಯ ಜನರಲ್ ಆಂಟೆ ಗೊತೊವಿನಾ 2011ರಲ್ಲಿ ತಪ್ಪಿತಸ್ಥ ಎನಿಸಿಕೊಂಡರು, 2012ರ ಮೇಲ್ಮನವಿಯಲ್ಲಿ ಬಿಡುಗಡೆಯಾದರು. ಬೋಸ್ನಿಯಾಕರ ಪಡೆಗಳವರಿಗೂ ಶಿಕ್ಷೆ ಆಗಿದೆ.

ಆದರೆ 'ಎಲ್ಲರೂ ಅಷ್ಟೇ' ಎಂದು ಕೈ ತೊಳೆದುಕೊಳ್ಳುವುದು ಸುಳ್ಳಾಗುತ್ತದೆ. ಯಾರು ಎಷ್ಟು, ಎಷ್ಟು ಯೋಜನೆ ಮಾಡಿ ಎಂಬ ಪ್ರಮಾಣ ಒಂದೇ ಅಲ್ಲ. ಇನ್ನೊಂದು ಎಚ್ಚರ: 'ಸರ್ಬರು' ಎನ್ನುವುದಕ್ಕಿಂತ 'ಸರ್ಬ್ ಪಕ್ಷದ ಆಡಳಿತ', 'ಮ್ಲಾದಿಚ್ ಸೇನೆ' ಎಂದು ಹೆಸರು ಹಿಡಿದು ಹೇಳಿ. ನೆರೆಯವರನ್ನು ಅಡಗಿಸಿಟ್ಟ ಸರ್ಬರೂ ಇದ್ದರು. ಒಂದು ಇಡೀ ಜನಾಂಗದ ಮೇಲೆ ತಪ್ಪು ಹೊರಿಸುವ ಅಭ್ಯಾಸದ ವಿರುದ್ಧ ತಾನೇ ಈ ಪಾಠ?

ಫೋಟೋ, ವಿಡಿಯೋ ತೋರಿಸಬಹುದಾ? ನಾಟಕ ಮಾಡಿಸಬಹುದಾ?

ಹೆಣಗಳ ಚಿತ್ರ ಬೇಡ. ಮಕ್ಕಳು ಆ ಕ್ಷಣ ಬೆಚ್ಚಿಬೀಳುತ್ತಾರೆ, ಆಮೇಲೆ ಏನೂ ಕೇಳಿಸಿಕೊಳ್ಳುವುದಿಲ್ಲ. ಸತ್ತವರಿಗೂ ಮರ್ಯಾದೆ ಇದೆ. ನಕ್ಷೆ, 1991ರ ಜನಗಣತಿಯ ಪಟ್ಟಿ, ಆದೇಶದ ಕಾಗದ, ಬದುಕುಳಿದವರ ಮಾತು ಇವೇ ಹೆಚ್ಚು ಕಲಿಸುತ್ತವೆ. ತೀರ್ಪುಗಳು, ಸಾಕ್ಷಿಗಳ ಹೇಳಿಕೆಗಳು ನ್ಯಾಯಮಂಡಳಿಯ ಜಾಲತಾಣದಲ್ಲಿ ಇವೆ. ಇಂಗ್ಲಿಷಿನಲ್ಲಿರುವುದರಿಂದ ಒಂದು ಪುಟವನ್ನು ನೀವೇ ಕನ್ನಡಕ್ಕೆ ಇಳಿಸಿಕೊಂಡು ಹೋಗಬೇಕಾಗುತ್ತದೆ.

ನಾಟಕ ಬೇಡವೇ ಬೇಡ. ಅರ್ಧ ತರಗತಿಗೆ ಬಿಳಿ ಪಟ್ಟಿ ಕಟ್ಟಿ 'ಅನುಭವ' ಕೊಡುವುದು ಕೆಟ್ಟ ಯೋಚನೆ. ಕೆಲವರಿಗೆ ಆಟ ಆಗುತ್ತದೆ. ಮನೆಯಲ್ಲೋ ಬೀದಿಯಲ್ಲೋ ಈಗಾಗಲೇ ಅವಮಾನ ಕಂಡ ಮಗುವಿಗೆ ಅದು ಗಾಯ.

ಅದರ ಬದಲು ದ್ರಾಜೆನ್ ಎರ್ದೆಮೊವಿಚ್ ಪ್ರಕರಣ ಚರ್ಚೆಗೆ ಇಡಿ. 1995ರ ಜುಲೈ 16ರಂದು ಬ್ರಾನ್ಯೆವೊ ತೋಟದಲ್ಲಿ ಗುಂಡು ಹಾರಿಸಿದ ಸೈನಿಕ, ಆಗ ಇಪ್ಪತ್ತರ ಹರೆಯ. ಒಲ್ಲೆ ಎಂದಾಗ, ಹಾಗಾದರೆ ನೀನೂ ಆ ಸಾಲಿನಲ್ಲಿ ನಿಲ್ಲು ಎಂದರು ಎಂದು ಕೋರ್ಟಿನಲ್ಲಿ ಹೇಳಿದ, ತಪ್ಪೊಪ್ಪಿಕೊಂಡ. ಕೊನೆಗೆ ಐದು ವರ್ಷ ಶಿಕ್ಷೆ. ಇದು ಸರಿಯೇ? ಪಿಯುಸಿ ಮಕ್ಕಳು ಗಂಟೆ ಹೊಡೆದರೂ ಏಳುವುದಿಲ್ಲ.

ಫೋಚಾದಲ್ಲಿ ಹೆಂಗಸರ ಮೇಲೆ ನಡೆದ ಲೈಂಗಿಕ ಹಿಂಸೆಯನ್ನು ಮುಚ್ಚಿಡಬೇಡಿ. ಅತ್ಯಾಚಾರ ಮಾನವೀಯತೆಯ ವಿರುದ್ಧದ ಅಪರಾಧ ಎಂದು 2001ರಲ್ಲಿ ಆ ಪ್ರಕರಣದ ತೀರ್ಪು ಹೇಳಿತು ಎಂಬಷ್ಟು, ವಿವರವಿಲ್ಲದೆ, ಹೇಳಿದರೆ ಸಾಕು.

ಮಕ್ಕಳು ನಮ್ಮ ದೇಶದ ಬಗ್ಗೆ ಕೇಳಿದರೆ?

ದೇಶ ವಿಭಜನೆ, ಕಾಶ್ಮೀರಿ ಪಂಡಿತರು, ಕಲ್ಯಾಣ ಕರ್ನಾಟಕದ ಕಡೆಯಾದರೆ 1948. ಅಜ್ಜ ಹೇಳಿದ ಕಥೆ ಇರುತ್ತದೆ. ರಜಾಕಾರರು ಗೋರ್ಟಾದಲ್ಲಿ ನಡೆಸಿದ ಹತ್ಯೆ ಒಬ್ಬರ ಮನೆಯ ನೆನಪು. ಪೊಲೀಸ್ ಕಾರ್ಯಾಚರಣೆಯ ನಂತರ ಬೀದರ್, ಕಲಬುರಗಿ ಕಡೆ ಮುಸ್ಲಿಮರ ಮೇಲೆ ನಡೆದ ಹಿಂಸೆ ಇನ್ನೊಬ್ಬರ ಮನೆಯ ನೆನಪು. ಎರಡೂ ಒಂದೇ ಬೆಂಚಿನಲ್ಲಿ ಕೂತಿರಬಹುದು.

ಉತ್ತರ ಕೊಡಲು ಅವಸರ ಬೇಡ. ಪ್ರಿಯೆದೋರ್‌ಗೆ ಕೇಳಿದ ಪ್ರಶ್ನೆಗಳನ್ನೇ ಇಲ್ಲೂ ಕೇಳಿಸಿ. ಯಾರು ಯೋಜಿಸಿದರು? ಸರ್ಕಾರದ ಕೈ ಎಷ್ಟು? ಗುರಿ ಜಾಗವೋ, ಜನವೋ? ವಾಪಸ್ ಬರಲು ಬಿಟ್ಟರಾ? ವಿಭಜನೆಯಲ್ಲಿ ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. ಹೆಚ್ಚಿನ ಕಡೆ ಕೊಂದದ್ದು ಎರಡೂ ಕಡೆಯ ಸಶಸ್ತ್ರ ಗುಂಪುಗಳು. ಬೋಸ್ನಿಯಾದ ಹಾಗೆ ಒಂದು ಸೇನೆಯ ಆದೇಶ ಸರಪಳಿ ಅಲ್ಲಿ ಸಿಗುವುದಿಲ್ಲ. ಹೋಲಿಕೆಯಷ್ಟೇ ವ್ಯತ್ಯಾಸವನ್ನೂ ಹುಡುಕಲಿ. ಪಾಲಕರು ಬಂದು ಕೇಳುವ ಸಾಧ್ಯತೆ ಇದೆ ಅನ್ನಿಸಿದರೆ ಹೆಡ್‌ಮಾಸ್ಟರಿಗೆ ಮೊದಲೇ ಪಾಠದ ಯೋಜನೆ ತೋರಿಸಿಡಿ. ಇದು ಹೇಡಿತನ ಅಲ್ಲ, ಜಾಣತನ.

ಬೋಸ್ನಿಯಾಗೇ ಭಾರತದ ನಂಟು ಕೇಳಿದರೆ ಒಂದು ಇದೆ. ಅಲ್ಲಿಗೆ ಹೋದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮೊದಲ ದಂಡನಾಯಕ, 1992ರ ಮಾರ್ಚ್‌ನಿಂದ ಒಂದು ವರ್ಷ, ಭಾರತದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್.

ಈಗ ನಡೆಯುತ್ತಿರುವ ಸುದ್ದಿಗಳ ಬಗ್ಗೆ?

ರೋಹಿಂಗ್ಯಾ ವಿಷಯ ಇಲ್ಲಿ ಸರಿಯಾಗಿ ಹೊಂದುತ್ತದೆ. 2017ರ ಆಗಸ್ಟ್‌ನಿಂದ 7 ಲಕ್ಷಕ್ಕೂ ಹೆಚ್ಚು ಜನ ಮ್ಯಾನ್ಮಾರ್ ಬಿಟ್ಟು ಬಾಂಗ್ಲಾದೇಶಕ್ಕೆ ಓಡಿದರು. ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮುಖ್ಯಸ್ಥರು ಇದನ್ನು ಜನಾಂಗೀಯ ಶುದ್ಧೀಕರಣ ಎಂದರು. ಮರುವರ್ಷ ತನಿಖಾ ತಂಡ, ಸೇನಾಧಿಕಾರಿಗಳನ್ನು ಜನಾಂಗಹತ್ಯೆಗಾಗಿ ತನಿಖೆ ಮಾಡಬೇಕು ಎಂದಿತು. 2019ರಲ್ಲಿ ಗಾಂಬಿಯಾ ದೇಶ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಸಾಕ್ಷಿ ಸಿಕ್ಕ ಹಾಗೆ ಹೆಸರು ಹೇಗೆ ಬದಲಾಗುತ್ತದೆ ನೋಡಿ. ಗಾಜಾ ಬಗ್ಗೆ ದಕ್ಷಿಣ ಆಫ್ರಿಕಾ 2023ರ ಡಿಸೆಂಬರ್‌ನಲ್ಲಿ ಅದೇ ಕೋರ್ಟಿನಲ್ಲಿ ಮೊಕದ್ದಮೆ ಹೂಡಿತು. ಇಂಥವು ವರ್ಷಗಟ್ಟಲೆ ನಡೆಯುತ್ತವೆ. ಬೋಸ್ನಿಯಾ 1993ರಲ್ಲಿ ಹೂಡಿದ ಮೊಕದ್ದಮೆಗೆ ತೀರ್ಪು ಬಂದದ್ದು 2007ರಲ್ಲಿ. ತಾತ್ಕಾಲಿಕ ಆದೇಶಕ್ಕೂ ಕೊನೆಯ ತೀರ್ಪಿಗೂ ಇರುವ ಅಂತರವನ್ನು ಮಕ್ಕಳಿಗೆ ಹೇಳಿ, ವಾಟ್ಸಾಪ್ ಅದನ್ನು ಹೇಳುವುದಿಲ್ಲ.

ಬೋಸ್ನಿಯಾದ ಶಾಲೆಗಳಲ್ಲಿ ಏನು ಕಲಿಸುತ್ತಾರೆ?

ಒಂದೇ ದೇಶ, ಬೇರೆ ಬೇರೆ ಇತಿಹಾಸ. ಸರ್ಬರ ಆಡಳಿತದ ಭಾಗದಲ್ಲಿ 2017ರಲ್ಲಿ ಆಗಿನ ಅಧ್ಯಕ್ಷ ಮಿಲೊರಾದ್ ದೊದಿಕ್, ಸ್ರೆಬ್ರೆನಿತ್ಸಾ ಜನಾಂಗಹತ್ಯೆ ಎನ್ನುವ ಪಠ್ಯಪುಸ್ತಕ ಇಲ್ಲಿ ಬೇಡ ಎಂದರು. ಬೋಸ್ನಿಯಾಕರು, ಕ್ರೊಯೇಟರು ಇರುವ ಇನ್ನೊಂದು ಭಾಗದಲ್ಲಿ 'ಒಂದೇ ಸೂರಿನಡಿ ಎರಡು ಶಾಲೆ' ಎಂಬ ಪದ್ಧತಿ ಇದೆ. ಕಟ್ಟಡ ಒಂದು, ಬಾಗಿಲು ಬೇರೆ ಅಥವಾ ಪಾಳಿ ಬೇರೆ, ಪಠ್ಯ ಬೇರೆ. ತೃನೊಪೋಲ್ಯೆಯ ಹಳೆ ಶಿಬಿರದ ಮುಂದೆ ನಿಂತಿರುವುದು ಸರ್ಬ್ ಸೈನಿಕರ ಸ್ಮಾರಕ.

ಯಾಯ್ತ್ಸೆ ಎಂಬ ಊರಿನ ಹೈಸ್ಕೂಲು ಮಕ್ಕಳ ಕಥೆ ಹೇಳಿ. ಜೊತೆಗೆ ಓದುತ್ತಿದ್ದವರನ್ನು ಬೇರ್ಪಡಿಸಿ ಪ್ರತ್ಯೇಕ ಶಾಲೆ ತೆರೆಯುವ ಯೋಜನೆ ಬಂದಾಗ ಅವರೇ ಬೀದಿಗಿಳಿದು ಪ್ರತಿಭಟಿಸಿದರು. 2017ರಲ್ಲಿ ಯೋಜನೆ ಕೈಬಿಟ್ಟರು. ಮರುವರ್ಷ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯ ಪ್ರಶಸ್ತಿ ಅವರಿಗೆ ಬಂತು. ನಮ್ಮ ಮಕ್ಕಳ ವಯಸ್ಸಿನವರೇ ಅವರು.

ಎಷ್ಟು ಪೀರಿಯಡ್ ಬೇಕು? ಪರೀಕ್ಷೆಗೆ ಏನು ಕೇಳೋದು?

ಮೂರು ಪೀರಿಯಡ್ ಇದ್ದರೆ ಒಳ್ಳೆಯದು: ಒಪ್ಪಂದ ಮತ್ತು ಪ್ರಿಯೆದೋರ್, ಸ್ರೆಬ್ರೆನಿತ್ಸಾ ಮತ್ತು ತೀರ್ಪುಗಳು, ಕೊನೆಯದು ಪೂರ್ತಿ ಚರ್ಚೆಗೆ. ಒಂದೇ ಸಿಕ್ಕರೆ ಪ್ರಿಯೆದೋರ್ ಇಟ್ಟುಕೊಂಡು ಸ್ರೆಬ್ರೆನಿತ್ಸಾವನ್ನು ಹತ್ತು ನಿಮಿಷದಲ್ಲಿ ಹೇಳಿ. ತಿರುವುಮುರುವು ಮಾಡಬೇಡಿ. ಕೊನೆಯ ಪೀರಿಯಡ್‌ಗೆ ಇಟ್ಟುಕೊಳ್ಳಬೇಡಿ, ಗಂಟೆ ಹೊಡೆದ ಕೂಡಲೇ ಮಕ್ಕಳು ಅದೇ ಭಾರ ಹೊತ್ತು ಮನೆಗೆ ಹೋಗುತ್ತಾರೆ.

'ವ್ಯಾಖ್ಯಾನಿಸಿ' ಎಂಬ ಎರಡು ಅಂಕದ ಪ್ರಶ್ನೆ ಬೇಡ, ಬಾಯಿಪಾಠ ಮಾಡಿ ಬರೆಯುತ್ತಾರೆ. ಹೀಗೆ ಕೇಳಿ: ಒಂದು ಊರಿನ ಆಡಳಿತ ಒಂದು ಸಮುದಾಯದವರಿಗೆ ಗುರುತು ಪಟ್ಟಿ ಕಟ್ಟಿಸಿ, ಕೆಲಸದಿಂದ ತೆಗೆದು, ಆಸ್ತಿ ಬರೆಸಿಕೊಂಡು ಹೊರಹಾಕಿತು, ಕೆಲವರನ್ನು ಕೊಂದಿತು. ಇದು ಜನಾಂಗಹತ್ಯೆ ಎಂದು ತೀರ್ಮಾನಿಸಲು ನ್ಯಾಯಾಧೀಶರಿಗೆ ಇನ್ನೂ ಯಾವ ಸಾಕ್ಷಿ ಬೇಕು? ಐದು ಅಂಕ ಇಡಿ. ಹೌದೋ ಅಲ್ಲವೋ ಎಂಬುದಕ್ಕೆ ಅಂಕ ಬೇಡ. ಯಾವ ಸಾಕ್ಷಿ, ಯಾಕೆ ಎಂದು ಬರೆದದ್ದಕ್ಕೆ ಮಾತ್ರ ಕೊಡಿ.